ಗ್ವಾದಲ್ಕಿವಿರ್ ನದಿ

ಗ್ವಾದಲ್ಕಿವಿರ್ ಸ್ಪೇನ್ ದೇಶದ ದಕ್ಷಿಣದಲ್ಲಿರುವ ಆಂದಲೂಸಿಯ ಸ್ವಾಯತ್ತ ಪ್ರದೇಶದ ಪ್ರಮುಖ ನದಿ. ಇದರ ಉದ್ದ 657 ಕಿಲೋಮೀಟರ್. ಐಬೀರಿಯ ಪರ್ಯಾಯದ್ವೀಪದ ನದಿಗಳಲ್ಲಿ ಉದ್ದದ ದೃಷ್ಟಿಯಿಂದ ಇದು ಐದನೆಯದು. ಸಂಪೂರ್ಣವಾಗಿ ಸ್ಪೇನ್ ದೇಶದೊಳಗೇ ಹರಿಯುವ ನದಿಗಳಲ್ಲಿ ಎಬ್ರೊ ನದಿಯ ನಂತರದ ಸ್ಥಾನ ಇದರದು. ಸುಮಾರು 57,000 ಚದರ ಕಿಲೋಮೀಟರ್ ವಿಸ್ತಾರದ ಜಲಾನಯನ ಪ್ರದೇಶವನ್ನು ಹೊಂದಿರುವ ಈ ನದಿಯು ಹಯೇನ್ ಪ್ರಾಂತದ ಕಸೋರ್ಲ ಪರ್ವತಶ್ರೇಣಿಯಲ್ಲಿ ಹುಟ್ಟಿ, ಕೊರ್ಡೋಬ ಮತ್ತು ಸೆವಿಲ್ ನಗರಗಳನ್ನು ಹಾದು, ಸಾನ್‌ಲೂಕರ್ ದೆ ಬರಾಮೆದ ಎಂಬ ಪಟ್ಟಣದ ಬಳಿ ಅಟ್ಲಾಂಟಿಕ್ ಸಾಗರದ ಕಾದಿಸ್ ಕೊಲ್ಲಿಯನ್ನು ಸೇರುತ್ತದೆ. ಸ್ಪೇನ್‌ನಲ್ಲಿ ಸಮುದ್ರದ ಹಡಗುಗಳು ಒಳನಾಡಿನ ದೊಡ್ಡ ಬಂದರೊಂದನ್ನು ತಲುಪಬಹುದಾದ ಏಕೈಕ ನದಿ ಇದಾಗಿದೆ.

ಹೆಸರು

ನದಿಯ ಇಂದಿನ ಹೆಸರು ಅರಬ್ಬಿ ಭಾಷೆಯ ‘ಅಲ್-ವಾದಿ ಅಲ್-ಕಬೀರ್’ ಎಂಬುದರ ಸ್ಪ್ಯಾನಿಷ್ ರೂಪ. ‘ವಾದಿ’ ಎಂದರೆ ಕಣಿವೆ ಅಥವಾ ಹೊಳೆ. ‘ಕಬೀರ್’ ಎಂದರೆ ದೊಡ್ಡದು, ಮಹತ್ತಾದುದು. ಸಂತ ಕಬೀರರ ಹೆಸರಿನಲ್ಲಿರುವುದೂ ಇದೇ ಅರಬ್ಬಿ ಪದ. ಹೀಗಾಗಿ ಗ್ವಾದಲ್ಕಿವಿರ್ ಎಂದರೆ ‘ದೊಡ್ಡಹೊಳೆ’ ಎಂದೇ ಅರ್ಥ. ದಕ್ಷಿಣ ಸ್ಪೇನ್‌ನಲ್ಲಿ ‘ಗ್ವಾದ್’ ಎಂದು ಆರಂಭವಾಗುವ ನದಿಗಳ ಹೆಸರುಗಳು ಹಲವಿವೆ. ಗ್ವಾದಿಯಾನ, ಗ್ವಾದಲೇತೆ ಮತ್ತು ಕೆಂಪು ಹೊಳೆ ಎಂಬ ಅರ್ಥದ ಗ್ವಾದಲಿಮಾರ್ ಇದಕ್ಕೆ ಉದಾಹರಣೆಗಳು. ಅರಬ್ಬರ ಆಳ್ವಿಕೆ ಮುಗಿದು ಶತಮಾನಗಳು ಸಂದರೂ ನೀರಿನ ಹೆಸರುಗಳು ಮಾತ್ರ ಹಾಗೆಯೇ ಉಳಿದಿವೆ.

ರೋಮನರ ಕಾಲದಲ್ಲಿ ಇದನ್ನು ಬೇಟಿಸ್ ಎಂದು ಕರೆಯುತ್ತಿದ್ದರು. ನದಿಯ ಸುತ್ತಲಿನ ರೋಮನ್ ಪ್ರಾಂತಕ್ಕೆ ಬೇಟಿಕ ಎಂಬ ಹೆಸರು ಬಂದುದು ಇದರಿಂದಲೇ. ಕಣಿವೆಯ ದಕ್ಷಿಣಕ್ಕಿರುವ ಪರ್ವತಗಳನ್ನು ಇಂದಿಗೂ ಬೇಟಿಕ್ ಪರ್ವತಗಳೆಂದೇ ಕರೆಯಲಾಗುತ್ತದೆ.

ಉಗಮ ಮತ್ತು ಹರಿವು

ಕಸೋರ್ಲ ಶ್ರೇಣಿಯಲ್ಲಿ ಸಮುದ್ರಮಟ್ಟದಿಂದ ಸುಮಾರು 1,350 ಮೀಟರ್ ಎತ್ತರದಲ್ಲಿರುವ ಕಾನ್ಯಾದ ದೆ ಲಾಸ್ ಫ್ವೆಂತೆಸ್ ಎಂಬ ಸ್ಥಳವನ್ನು ನದಿಯ ಉಗಮಸ್ಥಾನವೆಂದು ಗುರುತಿಸಲಾಗಿದೆ. ಈ ಹೆಸರಿಗೆ ‘ಚಿಲುಮೆಗಳ ಕಣಿವೆ’ ಎಂಬರ್ಥವಿದೆ. ಸುಣ್ಣಕಲ್ಲಿನ ಬಂಡೆಗಳ ನಡುವೆ, ಪೈನ್ ಮರಗಳ ಕಾಡಿನಲ್ಲಿ ಜಿನುಗುವ ಸಣ್ಣ ತೊರೆ ಇದು. ದೊಡ್ಡ ನದಿಗಳ ವಿಷಯದಲ್ಲಿ ಸಾಮಾನ್ಯವಾಗಿರುವಂತೆ ಇಲ್ಲಿಯೂ ಉಗಮದ ಬಗ್ಗೆ ಭಿನ್ನಾಭಿಪ್ರಾಯವಿದೆ. ಉದ್ದವನ್ನೇ ಮಾನದಂಡವಾಗಿ ತೆಗೆದುಕೊಂಡರೆ ದಕ್ಷಿಣದಿಂದ ಬಂದು ಸೇರುವ ಗ್ವಾದಿಯಾನ ಮೆನೋರ್ ಧಾರೆಯನ್ನೇ ಮುಖ್ಯ ನದಿಯೆಂದು ಪರಿಗಣಿಸಬೇಕೆಂಬ ವಾದವೂ ಇದೆ. ಸಂಪ್ರದಾಯ ಮಾತ್ರ ಕಸೋರ್ಲದ ಪರವಾಗಿದೆ.

ಅಟ್ಲಾಂಟಿಕ್ ಸಾಗರ ಪಶ್ಚಿಮಕ್ಕಿದ್ದರೂ ನದಿಯು ಮೊದಲು ಈಶಾನ್ಯಕ್ಕೆ, ಅಂದರೆ ಬಹುತೇಕ ವಿರುದ್ಧ ದಿಕ್ಕಿಗೆ ಹರಿಯುತ್ತದೆ. ಸಮಾನಾಂತರವಾಗಿ ನಿಂತಿರುವ ಬೆಟ್ಟಸಾಲುಗಳ ನಡುವಿನ ಕಣಿವೆಯನ್ನು ಅದು ಅನುಸರಿಸಬೇಕಾಗಿರುವುದೇ ಇದಕ್ಕೆ ಕಾರಣ. ತ್ರಾಂಕೊ ಜಲಾಶಯದ ಬಳಿ ಬೆಟ್ಟಗಳ ಸಾಲನ್ನು ಸೀಳಿಕೊಂಡು ಹೊರಬರುವ ನದಿಯು ಅಲ್ಲಿಂದ ಪಶ್ಚಿಮಕ್ಕೂ ನೈರುತ್ಯಕ್ಕೂ ತಿರುಗುತ್ತದೆ. ಇಳಿಜಾರಿನ ಹೆಚ್ಚಿನ ಭಾಗ ಈ ಆರಂಭದ ಹಂತದಲ್ಲೇ ಮುಗಿದುಹೋಗುತ್ತದೆ. ಕೊರ್ಡೋಬ ನಗರವಿರುವುದು ಸಮುದ್ರಮಟ್ಟದಿಂದ ಕೇವಲ 100 ಮೀಟರಿನಷ್ಟು ಎತ್ತರದಲ್ಲಿ; ಸೆವಿಲ್ ನಗರವಂತೂ ಹತ್ತು ಮೀಟರಿನ ಆಸುಪಾಸಿನಲ್ಲಿದೆ. ಆದುದರಿಂದ ಮಧ್ಯ ಮತ್ತು ಕೆಳ ಕಣಿವೆಯಲ್ಲಿ ನದಿಯು ನಿಧಾನವಾಗಿ, ಬಳುಕುತ್ತಾ, ಮೆಕ್ಕಲುಮಣ್ಣನ್ನು ಹರಡುತ್ತಾ ಸಾಗುತ್ತದೆ.

ಕಣಿವೆಯ ರಚನೆಯನ್ನು ತಿಳಿದರೆ ನದಿಯ ಸ್ವಭಾವ ಸುಲಭವಾಗಿ ಅರ್ಥವಾಗುತ್ತದೆ. ಉತ್ತರಕ್ಕೆ ಪ್ರಾಚೀನ ಶಿಲೆಗಳ ಸಿಯೆರ ಮೊರೇನ ಬೆಟ್ಟಗಳು, ದಕ್ಷಿಣಕ್ಕೆ ಭೂವಿಜ್ಞಾನದ ಲೆಕ್ಕದಲ್ಲಿ ಎಳೆಯವಾದ ಬೇಟಿಕ್ ಪರ್ವತಗಳು. ಇವೆರಡರ ನಡುವೆ ಪಶ್ಚಿಮಕ್ಕೆ ಬಾಯಿ ತೆರೆದ ತ್ರಿಕೋನಾಕಾರದ ತಗ್ಗುಪ್ರದೇಶ. ಒಂದು ಕಾಲದಲ್ಲಿ ಇಲ್ಲಿ ಸಮುದ್ರವೇ ಇತ್ತು. ದಕ್ಷಿಣದ ಪರ್ವತಗಳು ಮೇಲೆದ್ದು, ಅವುಗಳಿಂದ ಕೊಚ್ಚಿಬಂದ ಹೂಳು ತುಂಬುತ್ತಾ ಹೋದಂತೆ ಸಮುದ್ರ ಹಿಂದೆ ಸರಿಯಿತು. ಹೂಳಿನ ಒತ್ತಡದಿಂದ ನದಿಯು ಉತ್ತರದ ಬೆಟ್ಟಗಳ ಬುಡಕ್ಕೇ ತಳ್ಳಲ್ಪಟ್ಟಿದೆ. ಹಾಗಾಗಿ ಬಲದಂಡೆಯ ಉಪನದಿಗಳಾದ ಹಾಂದುಲ, ಗ್ವಾದಿಯಾತೊ, ಬೆಂಬೆಸಾರ್, ವಿಯಾರ್ ಮೊದಲಾದವು ಗಿಡ್ಡವಾಗಿವೆ. ಎಡದಂಡೆಯ ಉಪನದಿಗಳು ಉದ್ದವಾಗಿದ್ದು ಹೆಚ್ಚು ಮಣ್ಣನ್ನು ಹೊತ್ತುತರುತ್ತವೆ. ಇವುಗಳಲ್ಲಿ ಮುಖ್ಯವಾದುದು ಹೆನಿಲ್. ಸಿಯೆರ ನೆವಾದದ ಹಿಮ ಕರಗಿದ ನೀರನ್ನು ಹೊತ್ತು, ಗ್ರನಾದ ನಗರವನ್ನೂ ಎಸಿಹ ಪಟ್ಟಣವನ್ನೂ ಹಾದು ಬರುವ ಹೆನಿಲ್ ನದಿಯು ಪಾಲ್ಮ ದೆಲ್ ರಿಯೊ ಎಂಬಲ್ಲಿ ಗ್ವಾದಲ್ಕಿವಿರ್‌ಗೆ ಸೇರುತ್ತದೆ.

ಹವಾಮಾನವು ಮೆಡಿಟರೇನಿಯನ್ ಮಾದರಿಯದು. ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಹನಿ ನೀರೂ ಬೀಳುವುದಿಲ್ಲ. ಯುರೋಪಿನ ಅತ್ಯಂತ ಬಿಸಿಯಾದ ಪ್ರದೇಶಗಳಲ್ಲಿ ಈ ಕಣಿವೆಯೂ ಒಂದು. 2021ರ ಆಗಸ್ಟ್ 14ರಂದು ಕೊರ್ಡೋಬ ಪ್ರಾಂತದ ಲಾ ರಾಂಬ್ಲ ಎಂಬಲ್ಲಿ 47.6 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ಎಸಿಹ ಪಟ್ಟಣಕ್ಕೆ ‘ಆಂದಲೂಸಿಯದ ಬಾಣಲೆ’ ಎಂಬ ಅಡ್ಡಹೆಸರಿದೆ.

ದಂಡೆಯ ಭೂದೃಶ್ಯ

ಮೇಲಿನ ಕಣಿವೆಯ ಕಾಡುಗಳು ಕಸೋರ್ಲ, ಸೆಗೂರ ಮತ್ತು ಲಾಸ್ ವಿಯಾಸ್ ಬೆಟ್ಟಗಳ ನಿಸರ್ಗ ಉದ್ಯಾನಕ್ಕೆ ಸೇರಿವೆ. 1986ರಲ್ಲಿ ಘೋಷಿತವಾದ ಈ ಉದ್ಯಾನವು ಎರಡು ಲಕ್ಷ ಹೆಕ್ಟೇರಿಗೂ ಮಿಗಿಲಾಗಿದ್ದು, ಸ್ಪೇನ್ ದೇಶದ ಅತ್ಯಂತ ವಿಶಾಲವಾದ ಸಂರಕ್ಷಿತ ಪ್ರದೇಶವಾಗಿದೆ.

ಬೆಟ್ಟಗಳನ್ನು ಇಳಿದೊಡನೆ ಆಲಿವ್ ತೋಟಗಳು ಆರಂಭವಾಗುತ್ತವೆ. ಹಯೇನ್ ಪ್ರಾಂತವೊಂದರಲ್ಲೇ ಆರು ಕೋಟಿಗೂ ಹೆಚ್ಚು ಆಲಿವ್ ಮರಗಳಿವೆಯೆಂದು ಅಂದಾಜಿಸಲಾಗಿದೆ. ಬಿಳಿಚು ಮಣ್ಣಿನ ದಿಣ್ಣೆಗಳ ಮೇಲೆ ದಿಗಂತದವರೆಗೂ ಸಾಲುಸಾಲಾಗಿ ನಿಂತ ಬೂದು ಹಸಿರಿನ ಮರಗಳು ಒಂದೇ ಬೆಳೆಯ ಕಾಡಿನಂತೆ ಕಾಣುತ್ತವೆ. ನೋಡಲು ಭವ್ಯವಾದ ಈ ದೃಶ್ಯಕ್ಕೆ ಇನ್ನೊಂದು ಮುಖವೂ ಇದೆ: ಬೆಲೆ ಕುಸಿದರೆ ಅಥವಾ ಮಳೆ ತಪ್ಪಿದರೆ ಇಡೀ ಪ್ರಾಂತದ ಬದುಕು ಒಮ್ಮೆಲೇ ಅಲುಗಾಡುತ್ತದೆ. ಈ ತೋಟಗಳ ನಡುವಿನ ದಿಬ್ಬದ ಮೇಲೆ ಬಯೇಸ ಮತ್ತು ಊಬೆದ ಎಂಬ ಅವಳಿ ಪಟ್ಟಣಗಳಿವೆ. ನವೋದಯ ಕಾಲದ ಕಟ್ಟಡಗಳಿಗಾಗಿ ಇವು 2003ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಕವಿ ಆಂತೋನಿಯೊ ಮಚಾದೊ 1912ರಿಂದ 1919ರವರೆಗೆ ಬಯೇಸದ ಶಾಲೆಯಲ್ಲಿ ಫ್ರೆಂಚ್ ಅಧ್ಯಾಪಕರಾಗಿದ್ದರು. ದಿಬ್ಬದ ಅಂಚಿನಿಂದ ಕಾಣುವ ಗ್ವಾದಲ್ಕಿವಿರ್ ಕಣಿವೆ ಅವರ ಅನೇಕ ಕವಿತೆಗಳಲ್ಲಿ ಬಂದಿದೆ.

ಮುಂದೆ ನದಿಯು ಆಂದೂಹಾರ್ ಪಟ್ಟಣವನ್ನು ದಾಟಿ, ಮೊಂತೋರೊ ಪಟ್ಟಣವನ್ನು ಕುದುರೆಲಾಳದಂತೆ ಬಳಸಿಕೊಂಡು ಹರಿಯುತ್ತದೆ. ಮೊಂತೋರೊದ ಮನೆಗಳೂ ಹಳೆಯ ಸೇತುವೆಯೂ ಅಲ್ಲಿನ ಕೆಂಪು ಮರಳುಗಲ್ಲಿನವು. ಕೊರ್ಡೋಬದ ಕೆಳಗೆ ಅಲ್ಮೊದೋವರ್ ದೆಲ್ ರಿಯೊ ಕೋಟೆ ನದಿಯನ್ನು ಕಾಯುತ್ತ ನಿಂತಂತಿದೆ. ಈ ಭಾಗದ ಊರುಗಳ ಹೆಸರಿನ ಕೊನೆಗೆ ಬರುವ ‘ದೆಲ್ ರಿಯೊ’ ಎಂಬುದಕ್ಕೆ ‘ನದಿಯ’ ಎಂದರ್ಥ. ಗೋಧಿ, ಸೂರ್ಯಕಾಂತಿ, ಹತ್ತಿ ಮತ್ತು ಕಿತ್ತಳೆ ಇಲ್ಲಿನ ಬಯಲಿನ ಬೆಳೆಗಳು.

ಕೊರ್ಡೋಬ

ರೋಮನ್ ಬೇಟಿಕದ ರಾಜಧಾನಿಯಾಗಿದ್ದ ಕೊರ್ಡೋಬ, ನಂತರ ಮುಸ್ಲಿಂ ಸ್ಪೇನ್‌ನ ರಾಜಧಾನಿಯೂ ಆಯಿತು. 756ರಲ್ಲಿ ಒಂದನೆಯ ಅಬ್ದುಲ್ ರಹಮಾನ್ ಇಲ್ಲಿ ಉಮಯ್ಯದ್ ಆಳ್ವಿಕೆಯನ್ನು ಸ್ಥಾಪಿಸಿದನು. ಅವನ ಕಾಲದಲ್ಲೇ ನದಿಯ ಬಲದಂಡೆಯಲ್ಲಿ ಮಹಾಮಸೀದಿಯ ನಿರ್ಮಾಣ ಆರಂಭವಾಯಿತು. 929ರಲ್ಲಿ ಮೂರನೆಯ ಅಬ್ದುಲ್ ರಹಮಾನ್ ತನ್ನನ್ನು ಖಲೀಫನೆಂದು ಘೋಷಿಸಿಕೊಂಡನು. ಹತ್ತನೆಯ ಶತಮಾನದಲ್ಲಿ ಇದು ಪಶ್ಚಿಮ ಯುರೋಪಿನ ಅತಿ ದೊಡ್ಡ ನಗರಗಳಲ್ಲಿ ಒಂದಾಗಿತ್ತು. ಮಸೀದಿಯ ಎದುರಿಗೆ ನದಿಗೆ ಅಡ್ಡಲಾಗಿ ಹದಿನಾರು ಕಮಾನುಗಳ ರೋಮನ್ ಸೇತುವೆಯಿದೆ. ಹಲವು ಬಾರಿ ದುರಸ್ತಿಗೊಂಡಿರುವುದರಿಂದ ಇಂದು ಕಾಣುವ ಕಲ್ಲುಗಳಲ್ಲಿ ಹೆಚ್ಚಿನವು ರೋಮನರ ಕಾಲದವಲ್ಲ.

ಸೇತುವೆಯ ಪಕ್ಕದಲ್ಲಿ ಅಲ್ಬೊಲಾಫಿಯ ಎಂಬ ನೀರೆತ್ತುವ ದೊಡ್ಡ ಚಕ್ರವಿದೆ. ಹರಿವಿನ ಬಲದಿಂದಲೇ ತಿರುಗುತ್ತ ನದಿಯ ನೀರನ್ನು ಅರಮನೆಯ ತೋಟಗಳಿಗೆ ಎತ್ತಿಕೊಡುತ್ತಿದ್ದ ಇದರ ಸದ್ದಿನಿಂದ ನಿದ್ರೆಗೆಟ್ಟ ರಾಣಿ ಇಸಬೆಲ್ಲಾ ಅದನ್ನು ಬಿಚ್ಚಿಸಿಹಾಕಿದಳೆಂಬ ಕಥೆ ಪ್ರಚಲಿತವಾಗಿದೆ. ಈಗ ಇರುವುದು ಇಪ್ಪತ್ತನೆಯ ಶತಮಾನದಲ್ಲಿ ಮರುನಿರ್ಮಿಸಿದ ಚಕ್ರ. ಸುತ್ತಲಿನ ನಡುಗಡ್ಡೆಗಳೂ ಪೊದೆಗಳೂ ಹಕ್ಕಿಗಳ ಆಶ್ರಯತಾಣವಾಗಿ ರಕ್ಷಿಸಲ್ಪಟ್ಟಿವೆ.

ಎಣ್ಣೆಯ ಜಾಡಿಗಳು

ರೋಮನರ ಕಾಲದಲ್ಲಿ ಕೊರ್ಡೋಬ ಮತ್ತು ಸೆವಿಲ್ ನಡುವಿನ ದಂಡೆಯುದ್ದಕ್ಕೂ ಹಾಗೂ ಹೆನಿಲ್ ನದಿಯ ಕೆಳಭಾಗದಲ್ಲೂ ಮಣ್ಣಿನ ಜಾಡಿಗಳನ್ನು ಸುಡುವ ಆವಿಗೆಗಳಿದ್ದವು. ಸುತ್ತಲಿನ ತೋಟಗಳ ಆಲಿವ್ ಎಣ್ಣೆಯನ್ನು ಆಂಫೊರ ಎಂಬ ದುಂಡು ಹೊಟ್ಟೆಯ ಜಾಡಿಗಳಲ್ಲಿ ತುಂಬಿ, ದೋಣಿಗಳಲ್ಲಿ ನದಿಯ ಕೆಳಗೆ ಸಾಗಿಸಿ, ಅಲ್ಲಿಂದ ಹಡಗುಗಳಲ್ಲಿ ರೋಮ್ ನಗರಕ್ಕೆ ಕಳುಹಿಸಲಾಗುತ್ತಿತ್ತು. ಎಣ್ಣೆ ಹೀರಿದ ಜಾಡಿಗಳು ಮರುಬಳಕೆಗೆ ಬಾರದ ಕಾರಣ ರೋಮ್‌ನಲ್ಲಿ ಅವುಗಳನ್ನು ಒಡೆದು ಒಂದೆಡೆ ರಾಶಿ ಹಾಕುತ್ತಿದ್ದರು. ಆ ರಾಶಿಯೇ ಸುಮಾರು 35 ಮೀಟರ್ ಎತ್ತರದ ಮೊಂತೆ ತೆಸ್ತಾಚೊ ಎಂಬ ಗುಡ್ಡವಾಗಿದೆ. ಅದರಲ್ಲಿರುವ ಚೂರುಗಳಲ್ಲಿ ಬಹುಪಾಲು ಈ ನದಿಯ ದಂಡೆಯಿಂದ ಹೋದವು. ಚೂರುಗಳ ಮೇಲಿನ ಮುದ್ರೆ ಮತ್ತು ಬರಹಗಳಿಂದ ಎಣ್ಣೆಯ ತೂಕ, ವ್ಯಾಪಾರಿಯ ಹೆಸರು ಮತ್ತು ವರ್ಷವನ್ನು ಇತಿಹಾಸಕಾರರು ಓದಬಲ್ಲವರಾಗಿದ್ದಾರೆ. ರಾಜರ ಶಾಸನಗಳಿಗಿಂತ ಈ ಒಡಕು ಜಾಡಿಗಳೇ ಕಣಿವೆಯ ಅಂದಿನ ಆರ್ಥಿಕ ಬದುಕನ್ನು ಹೆಚ್ಚು ಸ್ಪಷ್ಟವಾಗಿ ಹೇಳುತ್ತವೆ ಎನ್ನಬಹುದು.

ಸೆವಿಲ್ ಮತ್ತು ಸಾಗರಯಾನ

ಸೆವಿಲ್ ನಗರವು ಸಮುದ್ರದಿಂದ ಸುಮಾರು 80 ಕಿಲೋಮೀಟರ್ ಒಳಗಿದ್ದರೂ ಉಬ್ಬರವಿಳಿತದ ಪ್ರಭಾವ ಅದನ್ನು ದಾಟಿ ಅಲ್ಕಲ ದೆಲ್ ರಿಯೊ ಅಣೆಕಟ್ಟಿನವರೆಗೂ ತಲುಪುತ್ತದೆ. ಹಡಗುಗಳಿಗೆ ಅನುಕೂಲವಾದ ಈ ನೀರು ನಗರದ ಭಾಗ್ಯಕ್ಕೂ ಕಾರಣವಾಯಿತು. ದಂಡೆಯಲ್ಲಿರುವ ತೋರೆ ದೆಲ್ ಓರೊ, ಅಂದರೆ ‘ಚಿನ್ನದ ಗೋಪುರ’, ಅಲ್ಮೊಹದ್ ಅರಸರು 1220–21ರಲ್ಲಿ ಕಟ್ಟಿಸಿದ ಕಾವಲುಗೋಪುರ. 1248ರಲ್ಲಿ ಕ್ಯಾಸ್ಟೀಲಿನ ದೊರೆ ಮೂರನೆಯ ಫರ್ಡಿನಾಂಡ್ ನಗರವನ್ನು ಮುತ್ತಿದಾಗ, ರಾಮೊನ್ ಬೊನಿಫಾಸ್ ನೇತೃತ್ವದ ಹಡಗುಗಳು ಆಚೆ ದಂಡೆಯ ತ್ರಿಯಾನ ಬಡಾವಣೆಗೆ ಇದ್ದ ದೋಣಿಸೇತುವೆಯನ್ನು ಮುರಿದವು. ಹೊರಗಿನಿಂದ ಬರುವ ಪೂರೈಕೆ ನಿಂತು ನಗರ ಶರಣಾಯಿತು.

1503ರಲ್ಲಿ ಅಮೆರಿಕದೊಂದಿಗಿನ ವ್ಯಾಪಾರವನ್ನು ನಿಯಂತ್ರಿಸುವ ಕಚೇರಿಯನ್ನು ಸೆವಿಲ್‌ನಲ್ಲಿ ಸ್ಥಾಪಿಸಲಾಯಿತು. ಮುಂದಿನ ಎರಡು ಶತಮಾನಗಳ ಕಾಲ ಹೊಸ ಜಗತ್ತಿನ ಬೆಳ್ಳಿ, ಬಂಗಾರಗಳು ಈ ನದಿಯ ಮೂಲಕ ಯುರೋಪನ್ನು ಪ್ರವೇಶಿಸಿದವು. 1519ರ ಆಗಸ್ಟ್ 10ರಂದು ಫರ್ಡಿನಾಂಡ್ ಮೆಗಲನ್‌ನ ಐದು ಹಡಗುಗಳು ಸೆವಿಲ್‌ನಿಂದ ಹೊರಟು, ಸೆಪ್ಟೆಂಬರ್ 20ರಂದು ಸಾನ್‌ಲೂಕರ್‌ನಿಂದ ಸಾಗರಕ್ಕಿಳಿದವು. ಹೋದವರು ಸುಮಾರು 240 ಮಂದಿ. ಮೂರು ವರ್ಷಗಳ ನಂತರ, 1522ರ ಸೆಪ್ಟೆಂಬರ್ 6ರಂದು, ‘ವಿಕ್ಟೋರಿಯ’ ಎಂಬ ಒಂದೇ ಹಡಗು ಹ್ವಾನ್ ಸೆಬಾಸ್ತಿಯಾನ್ ಎಲ್ಕಾನೊ ನಾಯಕತ್ವದಲ್ಲಿ ಹದಿನೆಂಟು ಜನರೊಂದಿಗೆ ಅದೇ ಸಾನ್‌ಲೂಕರ್‌ಗೆ ಮರಳಿತು. ಭೂಮಿಯನ್ನು ಮೊದಲ ಬಾರಿಗೆ ಸುತ್ತಿಬಂದ ಯಾನ ಹೀಗೆ ಈ ನದಿಯಲ್ಲಿ ಆರಂಭವಾಗಿ ಈ ನದಿಯಲ್ಲೇ ಮುಗಿಯಿತು.

ನದಿ ತಂದ ಭಾಗ್ಯವನ್ನು ನದಿಯ ಹೂಳೇ ಕಸಿದುಕೊಂಡಿತು. ಅಳಿವೆಯ ಮರಳುದಿಬ್ಬಗಳಲ್ಲಿ ಸಿಲುಕಿ ಅನೇಕ ಹಡಗುಗಳು ಒಡೆದವು; ಹಡಗುಗಳ ಗಾತ್ರ ಬೆಳೆದಂತೆ ಸೆವಿಲ್‌ವರೆಗೆ ಬರುವುದು ಕಷ್ಟವಾಯಿತು. 1717ರಲ್ಲಿ ವ್ಯಾಪಾರದ ಕಚೇರಿಯನ್ನು ಕಾದಿಸ್ ಬಂದರಿಗೆ ಸ್ಥಳಾಂತರಿಸಲಾಯಿತು.

ಸೆವಿಲ್‌ನ ಕೆಳಗಿರುವ ಕೋರಿಯ ದೆಲ್ ರಿಯೊ ಎಂಬ ಪುಟ್ಟ ಪಟ್ಟಣದಲ್ಲಿ ಇಂದಿಗೂ ನೂರಾರು ಜನರ ಮನೆತನದ ಹೆಸರು ‘ಹಪೋನ್’, ಅಂದರೆ ಜಪಾನ್. 1614ರಲ್ಲಿ ಹಸೆಕುರ ತ್ಸುನೆನಾಗ ನೇತೃತ್ವದ ಜಪಾನಿ ನಿಯೋಗವೊಂದು ನದಿಯ ಮೂಲಕ ಬಂದು ಇಲ್ಲಿ ತಂಗಿತ್ತು. ಹಿಂದಿರುಗದೆ ಉಳಿದ ಕೆಲವರ ಸಂತತಿ ಇವರೆಂದು ನಂಬಲಾಗಿದೆ. ಇದೇ ಪಟ್ಟಣದಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಸ್ಟರ್ಜನ್ ಮೀನಿನ ಮೊಟ್ಟೆಗಳಿಂದ ಕ್ಯಾವಿಯರ್ ತಯಾರಿಸುವ ಕಾರ್ಖಾನೆಯಿತ್ತು. ಅತಿಯಾದ ಬೇಟೆ ಮತ್ತು ಅಲ್ಕಲ ದೆಲ್ ರಿಯೊ ಅಣೆಕಟ್ಟು ಮೀನುಗಳ ಮೊಟ್ಟೆಯಿಡುವ ಹಾದಿಯನ್ನು ಮುಚ್ಚಿದ್ದರಿಂದ ಸ್ಟರ್ಜನ್ ಈ ನದಿಯಿಂದ ಅಳಿದುಹೋಯಿತು.

ತ್ರಿಯಾನ ಬಡಾವಣೆಯು ಕುಂಬಾರರ, ನಾವಿಕರ ಮತ್ತು ಹಿತಾನೊ ಎಂದು ಕರೆಯಲ್ಪಡುವ ರೋಮಾ ಜನರ ನೆಲೆಯಾಗಿತ್ತು. ರೋಮಾ ಜನರ ಮೂಲ ಉತ್ತರ ಭಾರತವೆಂಬುದನ್ನು ಅವರ ಭಾಷೆಯ ಅಧ್ಯಯನ ತೋರಿಸಿಕೊಟ್ಟಿದೆ. ಫ್ಲಮೆಂಕೊ ಗಾಯನ ಮತ್ತು ನೃತ್ಯ ರೂಪುಗೊಂಡ ಮುಖ್ಯ ಸ್ಥಳಗಳಲ್ಲಿ ತ್ರಿಯಾನವೂ ಒಂದು. ಈ ಬಡಾವಣೆಯನ್ನು ನಗರಕ್ಕೆ ಜೋಡಿಸುವ ಕಬ್ಬಿಣದ ಸೇತುವೆ 1852ರಲ್ಲಿ ಪೂರ್ಣಗೊಂಡಿತು. ಅದಕ್ಕೂ ಮೊದಲು ಶತಮಾನಗಳ ಕಾಲ ದೋಣಿಗಳನ್ನು ಸರಪಳಿಯಿಂದ ಬಿಗಿದ ಸೇತುವೆಯೇ ಇತ್ತು. ಕವಿ ಫೆದೆರಿಕೊ ಗಾರ್ಸಿಯ ಲೋರ್ಕ ‘ಮೂರು ನದಿಗಳ ಪುಟ್ಟ ಲಾವಣಿ’ ಎಂಬ ಕವಿತೆಯಲ್ಲಿ ಗ್ವಾದಲ್ಕಿವಿರ್ ನದಿಯನ್ನು ಗ್ರನಾದದ ಎರಡು ನದಿಗಳ ಎದುರು ನಿಲ್ಲಿಸಿದ್ದಾರೆ.

ಪ್ರವಾಹ ಮತ್ತು ಪಾತ್ರದ ಬದಲಾವಣೆ

ಚಳಿಗಾಲದ ಪ್ರವಾಹಗಳು ಸೆವಿಲ್ ನಗರವನ್ನು ಪದೇಪದೇ ಮುಳುಗಿಸಿವೆ. 1961ರ ನವೆಂಬರ್‌ನಲ್ಲಿ ತಮರ್ಗಿಯೊ ಎಂಬ ಹಳ್ಳದ ಒಡ್ಡು ಒಡೆದು ನಗರದ ದೊಡ್ಡ ಭಾಗ ಜಲಾವೃತವಾಯಿತು. ಪ್ರವಾಹವನ್ನು ತಡೆಯಲು ಮತ್ತು ಹಡಗುಗಳ ದಾರಿಯನ್ನು ನೇರಗೊಳಿಸಲು ನದಿಯ ತಿರುವುಗಳನ್ನು ಕತ್ತರಿಸಿ ಹೊಸ ಕಾಲುವೆಗಳನ್ನು ತೋಡುವ ಕೆಲಸ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೂ ನಡೆಯಿತು. ಇದರ ಫಲವಾಗಿ ಇಂದು ಚಿನ್ನದ ಗೋಪುರದ ಎದುರಿಗೆ ಪ್ರವಾಸಿಗರು ನೋಡುವ ನೀರು ನಿಜವಾದ ಹರಿಯುವ ನದಿಯಲ್ಲ. ಅದು ಒಂದು ತುದಿ ಮುಚ್ಚಿದ, ಇನ್ನೊಂದು ತುದಿಯಲ್ಲಿ ಜಲಬಾಗಿಲಿರುವ ಬಂದರುಕೊಳ. ನೈಜ ನದಿಯು ತ್ರಿಯಾನದ ಪಶ್ಚಿಮಕ್ಕೆ ತೋಡಿದ ಪಾತ್ರದಲ್ಲಿ ಹರಿಯುತ್ತಿದೆ. ಎರಡು ನೀರುಗಳ ನಡುವಿನ ಲಾ ಕಾರ್ತುಹ ಪ್ರದೇಶದಲ್ಲಿ 1992ರ ವಿಶ್ವ ವಸ್ತುಪ್ರದರ್ಶನ ನಡೆಯಿತು.

ನೀರಾವರಿ ಮತ್ತು ಭತ್ತದ ಗದ್ದೆಗಳು

ನದಿಯ ನೀರಿನ ಹಂಚಿಕೆಗಾಗಿ 1927ರಲ್ಲಿ ಗ್ವಾದಲ್ಕಿವಿರ್ ಜಲಾನಯನ ಪ್ರಾಧಿಕಾರವನ್ನು ರಚಿಸಲಾಯಿತು. ಕೆಳ ಕಣಿವೆಯ ಮುಖ್ಯ ನಾಲೆಯನ್ನು ಜನ ‘ಕೈದಿಗಳ ಕಾಲುವೆ’ ಎಂದೇ ಕರೆಯುತ್ತಾರೆ. ಅಂತರ್ಯುದ್ಧದಲ್ಲಿ ಸೋತ ಪಕ್ಷದ ಸಾವಿರಾರು ರಾಜಕೀಯ ಕೈದಿಗಳನ್ನು 1940ರಿಂದ ಇದರ ಅಗೆತಕ್ಕೆ ದುಡಿಸಿಕೊಳ್ಳಲಾಯಿತು. ಕೆಲಸ ಮುಗಿದುದು 1962ರಲ್ಲಿ. ಕೈದಿಗಳ ಹತ್ತಿರ ಇರಲೆಂದು ಬಂದ ಕುಟುಂಬಗಳು ಗುಡಿಸಲು ಹಾಕಿಕೊಂಡ ಜಾಗಗಳು ಮುಂದೆ ಸೆವಿಲ್ ಹೊರವಲಯದ ಬಡಾವಣೆಗಳಾದವು. ನೀರು ಹರಿದ ಹೊಲಗಳ ಲಾಭ ಬಹುತೇಕ ದೊಡ್ಡ ಜಮೀನುದಾರರ ಪಾಲಾಯಿತೆಂಬ ಟೀಕೆಯಿದೆ.

ಸೆವಿಲ್‌ನ ದಕ್ಷಿಣಕ್ಕೆ ನದಿಯು ಜೌಗುಭೂಮಿಯನ್ನು ಪ್ರವೇಶಿಸುತ್ತದೆ. ಪ್ರಾಚೀನ ಕಾಲದಲ್ಲಿ ಇಲ್ಲಿ ರೋಮನರು ಲಿಗುಸ್ತಿನಸ್ ಸರೋವರವೆಂದು ಕರೆದ ವಿಶಾಲ ಹಿನ್ನೀರಿತ್ತು. ಅದು ಕ್ರಮೇಣ ಹೂಳಿನಿಂದ ತುಂಬಿ ಜೌಗಾಯಿತು. 1920ರ ದಶಕದಲ್ಲಿ ಬ್ರಿಟಿಷ್ ಕಂಪನಿಯೊಂದು ಇಲ್ಲಿ ಬೇಸಾಯದ ಪ್ರಯತ್ನ ಮಾಡಿತು. ಅಂತರ್ಯುದ್ಧದ ಕಾಲದಲ್ಲಿ ಭತ್ತದ ಕೃಷಿ ವಿಸ್ತರಿಸಿತು. ವಲೆನ್ಸಿಯದಿಂದ ಅನುಭವಿ ರೈತರು ಬಂದು ನೆಲೆಸಿದರು. ಇಂದು ಇಸ್ಲ ಮಯೋರ್ ಸುತ್ತಲಿನ ಗದ್ದೆಗಳಿಂದಾಗಿ ಸೆವಿಲ್ ಪ್ರಾಂತವು ಸ್ಪೇನ್‌ನಲ್ಲೇ ಅತಿ ಹೆಚ್ಚು ಭತ್ತ ಬೆಳೆಯುವ ಪ್ರಾಂತವಾಗಿದೆ. 1974ರಲ್ಲಿ ಅಮೆರಿಕದ ಲೂಸಿಯಾನದಿಂದ ತಂದು ಬಿಟ್ಟ ಕೆಂಪು ಕ್ರೇಫಿಶ್ ಎಂಬ ಸಿಗಡಿಯಂಥ ಜೀವಿ ಗದ್ದೆಗಳಲ್ಲೆಲ್ಲ ಹಬ್ಬಿತು. ಬದುಗಳನ್ನು ಕೊರೆಯುವ ಪಿಡುಗಾದರೂ ಅದರ ರಫ್ತು ಊರಿನವರಿಗೆ ಎರಡನೆಯ ಆದಾಯವಾಗಿದೆ. ಜೌಗಿನ ಹಕ್ಕಿಗಳಿಗೂ ಆಹಾರವಾಗಿದೆ.

ಮೂಲತಃ ಮಳೆಯಾಶ್ರಿತವಾಗಿದ್ದ ಆಲಿವ್ ತೋಟಗಳಿಗೂ ಇತ್ತೀಚಿನ ದಶಕಗಳಲ್ಲಿ ಹನಿ ನೀರಾವರಿ ಬಂದುದರಿಂದ ನದಿಯ ಮೇಲಿನ ಬೇಡಿಕೆ ಅದರ ಸಾಮರ್ಥ್ಯವನ್ನು ಮೀರಿದೆ. 2022ರ ಬರಗಾಲದಲ್ಲಿ ಸುಮಾರು ಶೇಕಡ 30ರಷ್ಟು ಗದ್ದೆಗಳಲ್ಲಷ್ಟೇ ಭತ್ತ ನಾಟಿಯಾಯಿತು. 2023ರಲ್ಲಿ ನಾಟಿಯೇ ಆಗಲಿಲ್ಲ. ನದಿಯಲ್ಲಿ ಸಿಹಿನೀರು ಕಡಿಮೆಯಾದಾಗ ಉಬ್ಬರದೊಂದಿಗೆ ಉಪ್ಪುನೀರು ಮೇಲಕ್ಕೇರಿ ಗದ್ದೆಗಳನ್ನು ಕೆಡಿಸುತ್ತದೆ. ದೊಡ್ಡ ಹಡಗುಗಳಿಗಾಗಿ ನದಿಯನ್ನು ಇನ್ನಷ್ಟು ಆಳಗೊಳಿಸಬೇಕೆಂಬ ಸೆವಿಲ್ ಬಂದರಿನ ಯೋಜನೆಯನ್ನು ಭತ್ತದ ಬೆಳೆಗಾರರೂ ಪರಿಸರವಾದಿಗಳೂ ಒಟ್ಟಾಗಿ ವಿರೋಧಿಸಿದುದಕ್ಕೆ ಇದೂ ಒಂದು ಕಾರಣ. 2015ರಲ್ಲಿ ಸ್ಪೇನ್‌ನ ಸರ್ವೋಚ್ಚ ನ್ಯಾಯಾಲಯವು ಜಲಯೋಜನೆಯಲ್ಲಿ ಸೇರಿದ್ದ ಈ ಹೂಳೆತ್ತುವ ಪ್ರಸ್ತಾವವನ್ನು ರದ್ದುಗೊಳಿಸಿತು.

ದೊನ್ಯಾನ

ಅಳಿವೆಯ ಬಲದಂಡೆಯಲ್ಲಿ ದೊನ್ಯಾನ ರಾಷ್ಟ್ರೀಯ ಉದ್ಯಾನವಿದೆ. ಶತಮಾನಗಳ ಕಾಲ ಕುಲೀನರ ಬೇಟೆಯ ಕಾಡಾಗಿದ್ದ ಈ ಪ್ರದೇಶವನ್ನು 1969ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 1994ರಲ್ಲಿ ಇದು ವಿಶ್ವಪರಂಪರೆಯ ತಾಣವಾಯಿತು. ಚಲಿಸುವ ಮರಳುದಿಣ್ಣೆಗಳು, ಪೈನ್ ತೋಪುಗಳು, ಕುರುಚಲು ಕಾಡು ಮತ್ತು ಚಳಿಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಬಿರುಕುಬಿಡುವ ಜೌಗು ಇಲ್ಲಿ ಒಂದಕ್ಕೊಂದು ತಾಗಿಕೊಂಡಿವೆ. ಉತ್ತರ ಯುರೋಪಿನಿಂದ ಆಫ್ರಿಕಕ್ಕೆ ಹೋಗಿಬರುವ ಲಕ್ಷಾಂತರ ವಲಸೆ ಹಕ್ಕಿಗಳು ಇಲ್ಲಿ ತಂಗುತ್ತವೆ. ರಾಜಹಂಸ, ಚಮಚಕೊಕ್ಕು ಮತ್ತು ಅಪರೂಪದ ಸ್ಪ್ಯಾನಿಷ್ ಇಂಪೀರಿಯಲ್ ಹದ್ದು ಇಲ್ಲಿನ ಪಕ್ಷಿಗಳಲ್ಲಿ ಮುಖ್ಯವಾದವು. ಐಬೀರಿಯದ ಲಿಂಕ್ಸ್ ಎಂಬ ಕಾಡುಬೆಕ್ಕು ಈ ಶತಮಾನದ ಆರಂಭದಲ್ಲಿ ನೂರಕ್ಕಿಂತ ಕಡಿಮೆ ಸಂಖ್ಯೆಗಿಳಿದು, ಆಂದೂಹಾರ್ ಸುತ್ತಲಿನ ಬೆಟ್ಟಗಳಲ್ಲಿ ಮತ್ತು ದೊನ್ಯಾನದಲ್ಲಿ ಮಾತ್ರ ಉಳಿದಿತ್ತು. ಎರಡೂ ನೆಲೆಗಳು ಇದೇ ನದಿಯ ಜಲಾನಯನದಲ್ಲಿವೆ. ಸಂರಕ್ಷಣೆಯ ಫಲವಾಗಿ 2023ರ ಗಣತಿಯಲ್ಲಿ ಅದರ ಸಂಖ್ಯೆ ಎರಡು ಸಾವಿರವನ್ನು ದಾಟಿದೆ.

1998ರ ಏಪ್ರಿಲ್ 25ರಂದು ಅಸ್ನಲ್ಕೊಯಾರ್ ಗಣಿಯ ತ್ಯಾಜ್ಯದ ಒಡ್ಡು ಒಡೆದು, ಭಾರಲೋಹಗಳಿಂದ ಕೂಡಿದ ಲಕ್ಷಾಂತರ ಘನಮೀಟರ್ ಆಮ್ಲಯುಕ್ತ ನೀರು ಮತ್ತು ಕೆಸರು ಗ್ವಾದಿಯಾಮಾರ್ ಉಪನದಿಗೆ ನುಗ್ಗಿತು. ತರಾತುರಿಯಲ್ಲಿ ಕಟ್ಟಿದ ಒಡ್ಡುಗಳಿಂದ ಅದು ರಾಷ್ಟ್ರೀಯ ಉದ್ಯಾನದ ಒಳಭಾಗವನ್ನು ತಲುಪುವುದು ತಪ್ಪಿತಾದರೂ ದಂಡೆಯ ಸಾವಿರಾರು ಹೆಕ್ಟೇರ್ ಭೂಮಿ ಕಲುಷಿತವಾಯಿತು, ಮೀನುಗಳು ಸತ್ತವು. ಕೆಸರನ್ನು ಕೆರೆದು ತೆಗೆದು, ಬೇಸಾಯ ನಿಲ್ಲಿಸಿ, ಮರ ನೆಟ್ಟ ಆ ಪಟ್ಟಿಯನ್ನು ಈಗ ‘ಹಸಿರು ಹಾದಿ’ಯಾಗಿ ರಕ್ಷಿಸಲಾಗಿದೆ.

ಗಣಿಯ ಅನಾಹುತ ಒಂದೇ ರಾತ್ರಿಯಲ್ಲಿ ಕಣ್ಣಿಗೆ ಬಿದ್ದಿತು. ಅಂತರ್ಜಲದ ಕುಸಿತ ಮಾತ್ರ ನಿಧಾನವಾದುದು. ಉದ್ಯಾನದ ಪಕ್ಕದ ವೆಲ್ವ ಪ್ರಾಂತದಲ್ಲಿ ಪ್ಲಾಸ್ಟಿಕ್ ಹೊದಿಕೆಯಡಿ ಬೆಳೆಯುವ ಸ್ಟ್ರಾಬೆರಿಗೆ ಕೊಳವೆಬಾವಿಗಳಿಂದ ನೀರೆತ್ತಲಾಗುತ್ತದೆ. ಇವುಗಳಲ್ಲಿ ಅನೇಕವು ಪರವಾನಗಿಯಿಲ್ಲದವು. ಈ ನೀರೆತ್ತುವಿಕೆಯನ್ನು ತಡೆಯುವಲ್ಲಿ ಸ್ಪೇನ್ ವಿಫಲವಾಗಿದೆಯೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು 2021ರ ಜೂನ್‌ನಲ್ಲಿ ತೀರ್ಪು ನೀಡಿತು. ವರ್ಷಪೂರ್ತಿ ನೀರಿರುತ್ತಿದ್ದ ಸಾಂತ ಒಲಾಯ ಎಂಬ ಉದ್ಯಾನದ ಅತಿ ದೊಡ್ಡ ಕೆರೆ 2022ರ ಆಗಸ್ಟ್‌ನಲ್ಲಿ ಒಣಗಿತು. ಮರುವರ್ಷ ಮತ್ತೆ ಒಣಗಿತು. 2023ರ ನವೆಂಬರ್‌ನಲ್ಲಿ ಸ್ಪೇನ್ ಸರ್ಕಾರ ಮತ್ತು ಆಂದಲೂಸಿಯ ಸರ್ಕಾರಗಳು ಸುತ್ತಲಿನ ಊರುಗಳಲ್ಲಿ ನೀರಾವರಿ ಬೇಸಾಯವನ್ನು ಕೈಬಿಡುವ ರೈತರಿಗೆ ಪರಿಹಾರಧನ ನೀಡುವ ಒಪ್ಪಂದಕ್ಕೆ ಸಹಿ ಹಾಕಿದವು.